ರಿಕಾರ್ಡೊ ಕಾಲದ ಗೋಧಿ, ನಮ್ಮ ಅಡಿಕೆ

ಪ್ರಶ್ನೆ (ಬಿ.ಎ. ವಿದ್ಯಾರ್ಥಿನಿ, ಶಿರಸಿ): ಸರ್, ನಮಗೆ ಆರ್ಥಿಕ ಚಿಂತನೆಯ ಇತಿಹಾಸ ಅಂತ ಒಂದು ಪೇಪರ್ ಇದೆ. ಸ್ಮಿತ್, ರಿಕಾರ್ಡೊ, ಮಾಲ್ಥಸ್, ಎಲ್ಲ ಇನ್ನೂರು ವರ್ಷದ ಹಿಂದಿನವರು. ಇದನ್ನು ಓದಿ ಏನು ಉಪಯೋಗ? ಸುಮ್ನೆ ಬಾಯಿಪಾಠ ಮಾಡಿ ಪಾಸಾದರೆ ಸಾಕಲ್ವಾ?

ಉತ್ತರ (ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ಕಾರವಾರ): ಬೇಡ ತಂಗಿ, ಬಾಯಿಪಾಠ ಮಾಡಬೇಡ. ಹೊರದೇಶದ ಅಡಿಕೆ ಬಂದರೆ ನಮ್ಮ ರೇಟು ಬೀಳುತ್ತದೆ ಅನ್ನುವ ಮಾತು ಶಿರಸಿಯಲ್ಲಿ ದಿನಾ ಕೇಳುತ್ತೀಯ. 2023ರಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ದರವನ್ನು, ಅಂದರೆ ಅದಕ್ಕಿಂತ ಅಗ್ಗದ ಅಡಿಕೆ ಹೊರಗಿನಿಂದ ತರುವ ಹಾಗಿಲ್ಲ ಅನ್ನುವ ಮಿತಿಯನ್ನು, ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು.

ಇಂಗ್ಲೆಂಡಿನಲ್ಲಿ 1815ರಲ್ಲಿ ಇಂಥದ್ದೇ ಜಗಳ ಗೋಧಿಗೆ ನಡೆಯಿತು. ದೇಶದೊಳಗಿನ ಗೋಧಿ ಒಂದು ಅಳತೆಗೆ 80 ಶಿಲಿಂಗ್ ಮುಟ್ಟುವ ತನಕ ಹೊರಗಿನ ಗೋಧಿ ಮಾರುವ ಹಾಗಿಲ್ಲ ಅಂತ ಕಾನೂನು ಬಂತು. ಊಟಕ್ಕೆ ಪರದೇಶ ನಂಬಿ ಕೂರಬಾರದು ಅಂದ ಮಾಲ್ಥಸ್. ರಿಕಾರ್ಡೊ ಒಪ್ಪಲಿಲ್ಲ. ಗೋಧಿ ತುಟ್ಟಿಯಾದರೆ ಕಳಪೆ ನೆಲಕ್ಕೂ ನೇಗಿಲು ಇಳಿಯುತ್ತದೆ. ಆಗ ಒಳ್ಳೆ ನೆಲದ ಗೇಣಿ ಏರುತ್ತದೆ. ಕೂಲಿಯವರು ರೊಟ್ಟಿ ತಿನ್ನಲೇಬೇಕು, ಹಾಗಾಗಿ ಕೂಲಿಯೂ ಏರಬೇಕು. ಕಡೆಗೆ ಬಂಡವಾಳ ಹಾಕಿದವರ ಲಾಭ ಕರಗುತ್ತದೆ, ಭೂಮಾಲಿಕರು ದುಡ್ಡು ಮಾಡುತ್ತಾರೆ. ಗೇಣಿಯಿಂದ ಗೋಧಿ ತುಟ್ಟಿಯಾಗುವುದಿಲ್ಲ, ಗೋಧಿ ತುಟ್ಟಿಯಾದದ್ದಕ್ಕೇ ಗೇಣಿ ಏರುತ್ತದೆ ಅಂದ. ಎಷ್ಟು ಚಂದದ ತರ್ಕ ನೋಡು! ಇಬ್ಬರೂ ಒಳ್ಳೆ ಗೆಳೆಯರು. 1823ರಲ್ಲಿ ರಿಕಾರ್ಡೊ ತೀರಿಕೊಳ್ಳುವ ತನಕ ಕಾಗದ ಬರೆದುಕೊಂಡು ವಾದ ಮಾಡಿದರು. ಕಾನೂನು ರದ್ದಾದದ್ದು 1846ರಲ್ಲಿ.

ಪ್ರಶ್ನೆ: ಹಾಗಾದರೆ ನಮ್ಮ ಅಡಿಕೆಗೂ ತಡೆ ಬೇಡ ಅಂತಲಾ ಸರ್? ಅಪ್ಪನ ಹತ್ತಿರ ಹೇಳಿದರೆ ಬೈಯುತ್ತಾರೆ.

ಉತ್ತರ: ಸೂತ್ರ ಮಾತ್ರ ಕಲಿತವರು ಹಾಗೇ ಹೇಳಿಬಿಡುತ್ತಾರೆ. ರಿಕಾರ್ಡೊ ಯಾವ ಜಗಳಕ್ಕೆ ಉತ್ತರ ಕೊಟ್ಟ ಅಂತ ಗೊತ್ತಿದ್ದರೆ ನೀನು ಸ್ವಲ್ಪ ನಿಲ್ಲುತ್ತೀಯ. ಗೋಧಿ ಕೂಲಿಯವರ ದಿನದ ಊಟ. ಅಡಿಕೆ ತುಟ್ಟಿಯಾದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಅಲ್ಲಿ ಗೇಣಿ ಪಡೆಯುತ್ತಿದ್ದವರು ದೊಡ್ಡ ಭೂಮಾಲಿಕರು. ನಮ್ಮಲ್ಲಿ 1974ರ ಭೂಸುಧಾರಣೆ ಗೇಣಿಯನ್ನೇ ತೆಗೆಯಿತು. ಹಾಗಾಗಿ ಅವನ ಉತ್ತರವನ್ನು ಹಾಗೇ ಎತ್ತಿ ಇಲ್ಲಿ ಇಡಲು ಬರುವುದಿಲ್ಲ. ಆದರೆ ಬೆಳೆ ತುಟ್ಟಿಯಾದರೆ ನೆಲಕ್ಕೆ ಏನಾಗುತ್ತದೆ ಅನ್ನುವ ಅವನ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ಅಪ್ಪನ ಹತ್ತಿರ ವಾದ ಮಾಡಬೇಡ, ಇಷ್ಟು ಕೇಳು: ರೇಟು ಏರಿದ ವರ್ಷಗಳಲ್ಲಿ ನಿಮ್ಮ ಊರಿನ ಎಷ್ಟು ಗದ್ದೆ ತೋಟವಾಯಿತು, ತೋಟದ ಬೆಲೆ ಎಷ್ಟು ಏರಿತು? ಅವರು ಹೇಳಿದ್ದನ್ನು ಇಲ್ಲೇ ಬರೆ. ನಾನು ಕಾಯುತ್ತಿರುತ್ತೇನೆ.