ಮ್ಯೂವಾನ್ ಡಿಟೆಕ್ಟರ್ ಎಣಿಕೆ ಇಳಿದು ಕೂತಿದೆ, ಯಾರಾದರೂ ದಾರಿ ಹೇಳಿ

ಕಣಬೇಟೆ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಬಾಹ್ಯಾಕಾಶದ ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಹುಟ್ಟುವ ಸಣ್ಣ ಕಣಗಳೇ ಮ್ಯೂವಾನ್, ಅವನ್ನೇ ನನ್ನ ಪೆಟ್ಟಿಗೆ ಎಣಿಸುವುದು. ಸೂರ್ಯನಲ್ಲಿ ದೊಡ್ಡ ಸ್ಫೋಟ ಆಗಿದೆ, ಎಣಿಕೆ ಏರುತ್ತದೆ ಅಂತ 2024ರ ಮೇ 10ರ ರಾತ್ರಿಯಿಡೀ ಎದ್ದು ಕೂತಿದ್ದೆ. ಏರುವುದಿರಲಿ, ಇಳಿದೇ ಬಿಟ್ಟಿತು! ನಿಮಿಷಕ್ಕೆ 18 ಬರುತ್ತಿತ್ತು, ಈಗ 17 ಚಿಲ್ಲರೆ. ಹೊರಗಿನ ಬೆಳಕು ನುಗ್ಗದಂತೆ ಸುತ್ತಿದ್ದ ಕಪ್ಪು ಟೇಪ್ ಬಿಚ್ಚಿ ಹೊಸದಾಗಿ ಸುತ್ತಿದೆ. ಕೇಬಲ್ ಬದಲಿಸಿದೆ. ಏನೂ ಉಪಯೋಗ ಆಗಲಿಲ್ಲ.

ಬೆಸುಗೆಗಾರ:
ಒಳಗಿರುವ ಸೆನ್ಸರ್ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ತಾನೇ, ಸಣ್ಣ ಮಿಂಚನ್ನು ವಿದ್ಯುತ್ ಪಲ್ಸ್ ಮಾಡುವುದು? ಹಾಗಿದ್ರೆ ಶಾಖದ ಕೆಲಸ. ಬಿಸಿ ಏರಿದರೆ ಗೇನ್ (ಪಲ್ಸ್ ಹಿಗ್ಗಿಸುವ ಶಕ್ತಿ) ಇಳಿಯುತ್ತದೆ, ಸಣ್ಣ ಪಲ್ಸ್‌ಗಳು ಎಣಿಕೆಗೆ ಬೇಕಾದ ತ್ರೆಶೋಲ್ಡ್ ಮಿತಿ ದಾಟುವುದಿಲ್ಲ. ಬಯಸ್, ಅಂದರೆ ಸೆನ್ಸರ್‌ಗೆ ಕೊಡುವ ವೋಲ್ಟೇಜ್, 0.2 ವೋಲ್ಟ್ ಏರಿಸಿ.

ಕಣಬೇಟೆ:
ಕೋಣೆಯ ಶಾಖ ಬದಲಾಗಿಲ್ಲ.

ಬೆಸುಗೆಗಾರ:
ಕೋಣೆಯದು ಯಾರಿಗೆ ಬೇಕು? ಪೆಟ್ಟಿಗೆಯ ಒಳಗಿನದು ಹೇಳಿ. ನಾನು ಸೆನ್ಸರ್ ಬೆನ್ನಿಗೇ ಶಾಖ ಅಳೆಯುವ ಥರ್ಮಿಸ್ಟರ್ ಅಂಟಿಸಿದ್ದೇನೆ, ಬಯಸ್ ತಾನಾಗಿಯೇ ಸರಿಹೋಗುತ್ತದೆ. ಕಣ ಹಾದರೆ ಮಿನುಗುವ ಪ್ಯಾನೆಲ್ ನಾಲ್ಕು ಇವೆ, ಒಂದರ ಎಣಿಕೆಯೂ ಅಲ್ಲಾಡುವುದಿಲ್ಲ.

ಸೌರಗಾಳಿ:
ನಿಮ್ಮ ನಾಲ್ಕು ಪ್ಯಾನೆಲ್ ಕಥೆ ಆಮೇಲೆ. @ಕಣಬೇಟೆ, ಎರಡು ಪ್ಯಾನೆಲ್ ಒಟ್ಟಿಗೆ ಮಿಡಿದಾಗ ಮಾತ್ರ ಎಣಿಸುತ್ತೀರಾ? ಪ್ಯಾನೆಲ್ ಅಳತೆ ಎಷ್ಟು? ಗಾಳಿಯ ಒತ್ತಡಕ್ಕೆ ಲೆಕ್ಕ ತಿದ್ದಿದ್ದೀರಾ? ನಿಮಿಷದ ಅಂಕಿ ಬೇಡ, ದಿನದ ಮೊತ್ತ ಕೊಡಿ.

ಕಣಬೇಟೆ:
ಹೌದು, ಒಟ್ಟಿಗೆ ಮಿಡಿದಾಗ ಮಾತ್ರ. ಅದು ಹೇಳಬೇಕಾ, ಎಲ್ಲರೂ ಹಾಗೇ ಮಾಡೋದಲ್ವಾ? 5 ಸೆಂ.ಮೀ. ಚೌಕದ ಪ್ಯಾನೆಲ್. ಒತ್ತಡಕ್ಕೆ ತಿದ್ದಿಲ್ಲ, ಆದರೆ ಬ್ಯಾರೋಮೀಟರ್ 2 ಹೆಕ್ಟೊಪ್ಯಾಸ್ಕಲ್‌ಗಿಂತ ಜಾಸ್ತಿ ಅಲ್ಲಾಡಿಲ್ಲ. ಮೇ 9ಕ್ಕೆ 25,910. ಮೇ 11ಕ್ಕೆ 25,080.

ಸೌರಗಾಳಿ:
ಇದನ್ನು ಮೊದಲೇ ಕೊಟ್ಟಿದ್ದರೆ ಟೇಪ್ ಉಳಿಯುತ್ತಿತ್ತು. 830 ಕಡಿಮೆ. 25,910ರ ವರ್ಗಮೂಲ ಸುಮಾರು 161, ಅಷ್ಟು ಏರಿಳಿತ ಸಹಜ. ನಿಮ್ಮದು ಅದರ ಐದು ಪಟ್ಟು. ಒಂದು ಹೆಕ್ಟೊಪ್ಯಾಸ್ಕಲ್ ಒತ್ತಡಕ್ಕೆ ಮ್ಯೂವಾನ್ ಎಣಿಕೆ ಶೇಕಡಾ 0.1ರಿಂದ 0.2 ಬದಲಾಗುತ್ತದೆ, ಅಷ್ಟೇ. ನಿಮ್ಮ ಇಳಿಕೆ ಶೇಕಡಾ 3. ಯಂತ್ರ ಕೆಟ್ಟಿಲ್ಲ ಕಣ್ರೀ, ನೀವು ಫೋರ್ಬುಶ್ ಇಳಿಕೆ ಹಿಡಿದಿದ್ದೀರಿ!

ಸ್ಕಾಟ್ ಫೋರ್ಬುಶ್ 1937ರಲ್ಲೇ ಇದನ್ನು ಗುರುತಿಸಿದರು. ಮ್ಯೂವಾನ್‌ಗಳ ತಾಯಿಕಣಗಳು, ಅಂದರೆ ಕಾಸ್ಮಿಕ್ ಕಿರಣಗಳು, ಹೆಚ್ಚಾಗಿ ಬರುವುದು ಸೂರ್ಯನಿಂದಲ್ಲ, ನಮ್ಮ ಗ್ಯಾಲಕ್ಸಿಯ ದೂರದ ಮೂಲಗಳಿಂದ. ಸೂರ್ಯ ಉಗುಳಿದ ಪ್ಲಾಸ್ಮಾ ತನ್ನ ಜೊತೆ ಕಾಂತಕ್ಷೇತ್ರವನ್ನೂ ಹೊತ್ತು ಬರುತ್ತದೆ. ಅದರ ಮುಂದಿನ ಆಘಾತದ ಅಲೆಯ ಹಿಂದೆ ಕಾಂತರೇಖೆಗಳು ಸಿಕ್ಕುಸಿಕ್ಕಾಗಿರುತ್ತವೆ. ಆ ಸಿಕ್ಕಿನಲ್ಲಿ ಬಹಳಷ್ಟು ಕಣಗಳು ದಾರಿ ತಪ್ಪುತ್ತವೆ, ಭೂಮಿಗೆ ಕಡಿಮೆ ಬರುತ್ತವೆ. ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಏರಲು ದಿನಗಟ್ಟಲೆ ಬೇಕು. ಫಿನ್‌ಲ್ಯಾಂಡಿನ ಔಲುವಿನಲ್ಲಿ ಕಾಸ್ಮಿಕ್ ಕಿರಣ ಅಳೆಯುವ ನ್ಯೂಟ್ರಾನ್ ಮಾನಿಟರ್ ಇದೆ, ಅದರ ಗ್ರಾಫ್ ತೆಗೆದು ಪಕ್ಕಕ್ಕೆ ಇಟ್ಟು ನೋಡಿ.

ಗಾಳಿಪಟ:
ಆದರೆ 11ರಂದು ಸೂರ್ಯನಲ್ಲಿ ಎಕ್ಸ್5.8 ಎಂಬ ಬಲು ಜೋರಿನ ಜ್ವಾಲೆ ಬಂದಾಗ ಧ್ರುವದ ಮಾನಿಟರ್‌ಗಳಲ್ಲಿ ಎಣಿಕೆ ಏರಿತಲ್ಲ?

ಸೌರಗಾಳಿ:
ಏರಿತು. ಅದು ಸೂರ್ಯನದೇ ಪ್ರೋಟಾನ್. ಅವಕ್ಕೆ ಶಕ್ತಿ ಕಡಿಮೆ, ನಮ್ಮ ಮ್ಯೂವಾನ್ ಪೆಟ್ಟಿಗೆಗೆ ಕಾಣುವುದು ಬಹಳ ಅಪರೂಪ.

ಬೆಸುಗೆಗಾರ:
ನಾನು ಈಗಲೂ ಶಾಖ ಅಂತಲೇ ಹೇಳುತ್ತೇನೆ. ಬರೀ ಎರಡು ದಿನದ ಅಂಕಿ.

ಗಾಳಿಪಟ:
ಹಾಗಾದರೆ ಔಲುವಿನಲ್ಲೂ ಅದೇ ದಿನ ಪೆಟ್ಟಿಗೆ ಬಿಸಿಯಾಯಿತಾ? ಮಂಗಳದಲ್ಲಿ ಕ್ಯೂರಿಯಾಸಿಟಿ ರೋವರ್‌ನ ವಿಕಿರಣ ಅಳೆಯುವ ರ‍್ಯಾಡ್ ಉಪಕರಣ ಎಷ್ಟೋ ಫೋರ್ಬುಶ್ ಇಳಿಕೆ ದಾಖಲಿಸಿದೆ. 2003ರ ಅಕ್ಟೋಬರ್-ನವೆಂಬರ್ ಸೂರ್ಯಸ್ಫೋಟಗಳ ಅಲೆ ವಾಯೇಜರ್ 2 ಬಾಹ್ಯಾಕಾಶ ನೌಕೆಯನ್ನು ಮುಟ್ಟಿದ್ದು 2004ರ ಏಪ್ರಿಲ್ ಕೊನೆಗೆ. ಭೂಮಿ-ಸೂರ್ಯರ ದೂರದ 73 ಪಟ್ಟು ಆಚೆ! ಅಲ್ಲೂ ಕಾಸ್ಮಿಕ್ ಕಿರಣ ಇಳಿಯಿತು. ಆರು ತಿಂಗಳ ಹಳೆಯ ಸ್ಫೋಟಕ್ಕೆ ಅಷ್ಟು ಕಸುವು ಉಳಿದಿತ್ತು ಅಂದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಕಣಬೇಟೆ:
ಔಲು ಗ್ರಾಫ್ ನೋಡಿದೆ. ಇಳಿದ ಹೊತ್ತು ನನ್ನದಕ್ಕೆ ಕೂಡಿಬರುತ್ತಿದೆ. ತುಂಬಾ ಥ್ಯಾಂಕ್ಸ್. ಆದರೆ ಒಂದು ಎಡವಟ್ಟು ಆಗಿದೆ. 12ರ ಮಧ್ಯಾಹ್ನ ಟೇಪ್ ಬಿಚ್ಚಿದಾಗ ನಾನೇ ಬಯಸ್ ತಿರುಗಿಸಿದ್ದೆ. ಎಷ್ಟು ಅಂತ ಬರೆದಿಟ್ಟಿಲ್ಲ.

ಸೌರಗಾಳಿ:
ಅಯ್ಯೋ! ಏರಿಕೆ ಶುರುವಾಗುವ ಹೊತ್ತು ಅದು. ಇನ್ನು ಮುಟ್ಟಬೇಡಿ. ಪಲ್ಸ್ ಎತ್ತರವೂ ಫೈಲ್‌ನಲ್ಲಿ ದಾಖಲಾಗುತ್ತದಾ? ಇದ್ದರೆ ಬಯಸ್ ಎಷ್ಟು ತಿರುಗಿತು ಅಂತ ಅದರಿಂದ ಅಂದಾಜಿಸಬಹುದು.

ಬೆಸುಗೆಗಾರ:
ಅದಕ್ಕೇ ಥರ್ಮಿಸ್ಟರ್ ಹಾಕಿ ಅಂದಿದ್ದು.

ಕಣಬೇಟೆ:
ಎತ್ತರ ಇದೆ, 9ರಿಂದ ಪೂರ್ತಿ. ರಾತ್ರಿ ಹಾಕುತ್ತೇನೆ.