ಬೆಲ್ಲದ ಪಾಕದ ಮುಂದೆ ನಿಂತಾಗ ಕೈ ನಡುಗಿತು, ಶುಗರ್ ಏರಿದ್ದಾ ಇಳಿದದ್ದಾ?

ಅಡುಗೆಯವ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ನನಗೆ 48. ಮದುವೆ, ಉಪನಯನದ ಅಡುಗೆ ಹಿಡಿಯುವವನು. ಕಾಲಿನ ಗಾಯ ಒಣಗಲಿಲ್ಲ ಅಂತ ತೋರಿಸಲು ಹೋದವನಿಗೆ ಎರಡು ತಿಂಗಳ ಹಿಂದೆ ಶುಗರ್ ಅಂದರು. ಖಾಲಿ ಹೊಟ್ಟೆಯಲ್ಲಿ 212. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.4. ಬೆಳಿಗ್ಗೆ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಸೇರಿದ ಮಾತ್ರೆ. ರಾತ್ರಿ ಊಟದ ಜೊತೆ ಬರೀ ಮೆಟ್‌ಫಾರ್ಮಿನ್.

ರುಚಿ ನೋಡಿ ನೋಡಿ ಬಂತು ಅಂತ ಊರವರ ತೀರ್ಮಾನ. ನೈವೇದ್ಯಕ್ಕೆ ಮುಂಚೆ ನಾವು ಬಾಯಿಗೇ ಹಾಕುವುದಿಲ್ಲ ಮಾರಾಯ್ರೆ! ಸಾರಿಗೆ ಉಪ್ಪು ಸಾಕೋ ಬೇಕೋ ಅನ್ನುವುದನ್ನೂ ವಾಸನೆಯಲ್ಲೇ ಹೇಳಬೇಕು. ನಮ್ಮಪ್ಪನಿಗೂ ಶುಗರ್ ಇತ್ತು. ಮತ್ತೆ ರಾತ್ರಿಯಿಡೀ ತರಕಾರಿ ಹೆಚ್ಚುವಾಗ ಕುಡಿದ ಚಹಾಕ್ಕೆ ಲೆಕ್ಕ ಇಲ್ಲ, ಅದನ್ನು ಒಪ್ಪುತ್ತೇನೆ.

ಚಹಾ ಬಿಟ್ಟೆ, ಅನ್ನ ಅರ್ಧ ಮಾಡಿದೆ. ಅದೇನೂ ಕಷ್ಟ ಅಲ್ಲ. ಹೋದ ಭಾನುವಾರ ಕೊಪ್ಪದ ಹತ್ತಿರ ಮದುವೆ, 600 ಎಲೆ. ಬೆಳಿಗ್ಗೆ ಐದೂವರೆಗೆ ಮಾತ್ರೆ ನುಂಗಿ ಎರಡು ಇಡ್ಲಿ ತಿಂದಿದ್ದೆ, ಅಷ್ಟೇ. ಪಾಯಸ ಸಾಲದು ಅಂತ ಒಂದೂವರೆಗೆ ಮತ್ತೆ ಬೆಲ್ಲ ಕರಗಿಸುತ್ತಿದ್ದೆ. ಸೌಟು ಹಿಡಿದ ಕೈ ನಡುಗಿತು. ಒಲೆ ಮುಂದೆ ಬೆವರು ಹೊಸದಲ್ಲ, ಆದರೆ ಈ ಬೆವರು ತಣ್ಣಗಿತ್ತು. ಕಣ್ಣು ಮಂಜಾಯಿತು. ಕೈಕೆಳಗಿನ ಹುಡುಗ ಕೇಳಿದ್ದಕ್ಕೆ ಹೊಗೆ ಅಂದೆ. ಅಕ್ಕಿ ಮೂಟೆ ಮೇಲೆ ಕೂತು ಎರಡು ಬಾಳೆಹಣ್ಣು ತಿಂದ ಮೇಲೆ ಸರಿಹೋಯಿತು. ಶುಗರ್ ಏರಿತೇನೋ ಅಂತ ರಾತ್ರಿ ಊಟವನ್ನೇ ಬಿಟ್ಟೆ.

ನಮ್ಮ ಊಟ ಕಡೇ ಪಂಕ್ತಿ ಎದ್ದ ಮೇಲೆ, ಮೂರೂವರೆ ನಾಲ್ಕಕ್ಕೆ. ವಿಷಯ ಯಾರಿಗೂ ಹೇಳಿಲ್ಲ. ಹೇಳಿದರೆ ಅಡುಗೆಗೆ ಕರೆಯುವವರು ಯೋಚನೆ ಮಾಡುತ್ತಾರೆ. ಏನು ಮಾಡಲಿ?

ನಿವೃತ್ತ ಡ್ರೈವರ್, ಮಂಡಗದ್ದೆ

ಏರಿದ್ದಲ್ಲ ಭಟ್ರೆ, ಇಳಿದದ್ದೇ ಇರಬೇಕು. ಮೆಟ್‌ಫಾರ್ಮಿನ್ ಒಂದೇ ಆದರೆ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ನೀವು ಉಣ್ಣಲಿ ಬಿಡಲಿ, ಶುಗರ್ ಇಳಿಸುವ ಇನ್ಸುಲಿನ್ ಮೈಯೊಳಗೆ ಹೊರಬರುವ ಹಾಗೆ ಮಾಡುತ್ತದೆ. ಎಂಟು ಗಂಟೆ ಎರಡು ಇಡ್ಲಿಯ ಮೇಲೆ ನಿಂತರೆ ಇನ್ನೇನಾಗುತ್ತದೆ? ನನಗೂ ಒಮ್ಮೆ ಘಾಟಿಯಲ್ಲಿ ಸ್ಟೀರಿಂಗ್ ಹಿಡಿದಾಗ ಹೀಗೇ ಆಗಿತ್ತು. ನೆನೆಸಿದರೆ ಈಗಲೂ ಹೆದರಿಕೆ.

ಶುಗರ್ ನೋಡುವ ಮೀಟರ್ ಜೊತೆಗಿರಲಿ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಆಮೇಲೆ ಏನಾದರೂ ಗಟ್ಟಿ ತಿನ್ನಿ. ಕೈಗೆ ಸಿಕ್ಕಿತು ಅಂತ ಹೋಳಿಗೆ, ಲಾಡು ತಿನ್ನಬೇಡಿ, ತುಪ್ಪ ಇದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಬರೀ ಸಕ್ಕರೆಯೇ ಬೇಕು. ಎದೆ ಭಾರ ಇತ್ತಾ? ಇದ್ದರೆ ಹಾರ್ಟನ್ನೂ ತೋರಿಸಿ. ಮಾತ್ರೆ ನೀವೇ ನಿಲ್ಲಿಸಬೇಡಿ. ಡಾಕ್ಟರಿಗೆ ನಿಮ್ಮ ಊಟದ ಹೊತ್ತು ಸರಿಯಾಗಿ ಹೇಳಿ.

ಮಲೆನಾಡಿಗ

ಇಂಗ್ಲಿಷ್ ಮಾತ್ರೆಯೇ ಬಿಡಿ. ಹಾಗಲಕಾಯಿ ರಸ ಸಾಕು.

ಹೊಸನಗರದ ಅಕ್ಕ

ಹಾಗಲಕಾಯಿ ಪಲ್ಯ ಮಾಡಿ ಉಣ್ಣಿ, ಮಾತ್ರೆ ಬಿಡಬೇಡಿ ಅಣ್ಣ. ನಮ್ಮ ಅತ್ತೆ ಹೀಗೆ ಬಿಟ್ಟು ಆರು ತಿಂಗಳಲ್ಲಿ ಮತ್ತೆ ಅದೇ ಆಸ್ಪತ್ರೆ ಬಾಗಿಲು.

ಮೀಟರಿನದೂ ಒಂದು ಕಥೆ ಇದೆ. ಹಲಸಿನ ಹಣ್ಣು ಬಿಡಿಸಿ, ಕೊಬ್ಬರಿ ಎಣ್ಣೆ ಹಚ್ಚಿದ ಕೈ ಹಾಗೇ ಒರೆಸಿಕೊಂಡು ಬೆರಳು ಚುಚ್ಚಿದೆ. 287! ಸೋಪು ಹಾಕಿ ತೊಳೆದು ಒಣಗಿಸಿ ನೋಡಿದರೆ 149. ಬೆಲ್ಲದ ಕೈಯವರು ನೀವು, ಇನ್ನೂ ಹುಷಾರಾಗಿರಬೇಕು. ಇಳಿದದ್ದೂ ಏರಿದ ಹಾಗೆ ಕಾಣಬಹುದು.

ಕಾಲಿನ ಗಾಯ ವಾಸಿಯಾಯಿತಾ? ಬರಿಗಾಲಲ್ಲಿ ಒಲೆ ಹತ್ತಿರ ಓಡಾಡಬೇಡಿ. ಕಣ್ಣಿನ ಪರದೆಯನ್ನೂ ಒಮ್ಮೆ ತೋರಿಸಿ.

ಅಡುಗೆಯವ, ತೀರ್ಥಹಳ್ಳಿ ಕಡೆ

ಎದೆ ಭಾರ ಇರಲಿಲ್ಲ. ಗಾಯ ಒಣಗಿದೆ. ಡಾಕ್ಟರ ಹತ್ತಿರ ಹೋಗಿ ಬಂದೆ. ಮೊದಲ ಸಲ ಕೇಳಿದಾಗ ಒಂದು ಗಂಟೆಗೆ ಊಟ ಅಂದುಬಿಟ್ಟಿದ್ದೆ, ಯಾಕೋ ನಾಚಿಕೆ. ಈಗ ನಿಜ ಹೇಳಿದ ಮೇಲೆ ಗ್ಲಿಮೆಪಿರೈಡ್ ತೆಗೆದು ಬೇರೆ ಮಾತ್ರೆ ಬರೆದರು.

ಹುಡುಗನಿಗೂ ಹೇಳಿದೆ. ಅವನಿಗೆ ಮೊದಲೇ ಅನುಮಾನ ಇತ್ತಂತೆ, ಆವತ್ತು ಹೊಗೆಯೇ ಇರಲಿಲ್ಲವಲ್ಲ! ಗ್ಯಾಸ್ ಒಲೆ.

ನೈವೇದ್ಯಕ್ಕೆ ಮುಂಚೆ ಅಲ್ಲಿಯದು ಮುಟ್ಟುವ ಹಾಗಿಲ್ಲ. ಅದಕ್ಕೆ ಮನೆಯಿಂದ ರೊಟ್ಟಿ, ಪಲ್ಯದ ಡಬ್ಬಿ ತರುತ್ತೇನೆ. ಹನ್ನೊಂದಕ್ಕೆ ಹಿತ್ತಲಲ್ಲಿ ಕೂತು ತಿನ್ನುತ್ತೇನೆ. ಊರಿಗೆಲ್ಲ ಅಡುಗೆ ಮಾಡುವವನಿಗೆ ಡಬ್ಬಿ ಊಟ ಅಂತ ಬಡಿಸುವವರು ನಗುತ್ತಾರೆ. ನಿನ್ನೆ ಸಾಗರದಲ್ಲಿ ಮೂರನೇ ಪಂಕ್ತಿ ಹೊತ್ತಿಗೆ ಕೈ ತೊಳೆದೇ ನೋಡಿದೆ ಅಕ್ಕ, 124.