ಮುಟ್ಟಿದರೆ ಉರಿ, ಮುಲಾಮು ಹಚ್ಚದಿದ್ದರೆ ಸೋರಿಯಾಸಿಸ್: ಇವಳ ಕಾಲಿಗೆ ಏನು ಮಾಡಲಿ?

ಕತ್ತರಿಕೈ:

ನೇರ ವಿಷಯಕ್ಕೇ ಬರ್ತೀನಿ. ನನ್ನ ಹೆಂಡತಿಗೆ ಮದುವೆಗೆ ಮುಂಚಿನಿಂದಲೂ ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಇದೆ. ಮೊಣಕೈ, ತಲೆ, ಸೊಂಟದ ಹಿಂಭಾಗ. ಬೆಳಗ್ಗೆ ಹಾಸಿಗೆ ಕೊಡವಿದರೆ ಬಿಳೀ ಹೊಟ್ಟು ಹಾರುತ್ತೆ, ಕಪ್ಪು ಬಟ್ಟೆ ಹಾಕಿದ ದಿನ ಭುಜದ ಮೇಲೆಲ್ಲ ಉದುರಿರುತ್ತೆ. ಅದನ್ನ ನಾವಿಬ್ಬರೂ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಕೆಲವು ವರ್ಷದಿಂದ ನರದ ನೋವು ಬಂದು ಸೇರಿಕೊಂಡಿದೆ. ಎರಡೂ ಪಾದದಲ್ಲಿ ಶುರುವಾಗಿದ್ದು ಈಗ ಮೊಣಕಾಲಿನ ತನಕ ಹತ್ತಿದೆ. ಉರಿ, ಜುಮುಜುಮು, ಮಧ್ಯೆ ಮಧ್ಯೆ ಕರೆಂಟ್ ಹೊಡೆದ ಹಾಗೆ ಛಳಕು. ಸಕ್ಕರೆ, ಥೈರಾಯ್ಡ್, ಬಿ12 ಎಲ್ಲ ನೋಡಿದರು, ಸರಿಯಾಗೇ ಇದೆ. ನರಕ್ಕೆ ಕರೆಂಟ್ ಕೊಟ್ಟು ನೋಡೋ ಪರೀಕ್ಷೆಯೂ ಆಯ್ತು, ನಾರ್ಮಲ್ ಅಂತ ಬಂತು. ನಾರ್ಮಲ್ ಬಂದಿದ್ದೇ ತಡ, ನೆಂಟರಿಷ್ಟರೆಲ್ಲ "ಮನಸ್ಸಿಗೆ ಹಚ್ಕೊಂಡಿದಾಳೆ, ಅಷ್ಟೇ" ಅನ್ನೋಕೆ ಶುರು ಮಾಡಿದರು.

ಈಗಿನ ತಾಪತ್ರಯ ಏನಂದ್ರೆ, ಸೋರಿಯಾಸಿಸ್ ಕಾಲಿಗೂ ಇಳಿದಿದೆ. ಎಡಗಾಲಲ್ಲಿ, ಮೊಣಕಾಲಿನ ಕೆಳಗೆ ಮುಂದಿನ ಎಲುಬಿನ ಮೇಲೆ, ಅಂಗೈ ಅಗಲದ ದಪ್ಪ ಪಟ್ಟೆ. ಚರ್ಮದ ಡಾಕ್ಟರ್ ದಿನಕ್ಕೊಂದು ಸಲ ಮುಲಾಮು ಹಚ್ಚಿ ಚೆನ್ನಾಗಿ ತಿಕ್ಕಿ ಅಂದಿದಾರೆ. ಆ ಜಾಗಕ್ಕೆ ಹೊದಿಕೆಯ ಅಂಚು ಸೋಕಿದರೂ ಇವಳು ಹೌಹಾರಿ ಎದ್ದು ಕೂರ್ತಾಳೆ. ತಿಕ್ಕೋದು ಎಲ್ಲಿಂದ ಬಂತು? ರಾತ್ರಿ ಉರಿ ತಡೆಯೋಕಾಗದೆ ಬಕೆಟ್‌ಗೆ ತಣ್ಣೀರು ತುಂಬಿಸಿ, ಕಾಲಿಟ್ಟುಕೊಂಡು ಗಂಟೆಗಟ್ಟಲೆ ಕೂತಿರ್ತಾಳೆ. ಬೆಳಗಾಗೋದರೊಳಗೆ ಚರ್ಮ ಒಣಗಿ ಸೀಳು ಬಿಟ್ಟಿರುತ್ತೆ. ನರಕ್ಕೆ ಬೇಕಾದ್ದು ಚರ್ಮಕ್ಕೆ ಆಗಲ್ಲ, ಚರ್ಮಕ್ಕೆ ಬೇಕಾದ್ದನ್ನ ನರ ಸಹಿಸಲ್ಲ.

ನಾನು ಟೈಲರ್. ನನ್ನ ಕೈಲಾದದ್ದು ಮಾಡಿದೀನಿ. ಅವಳ ಪೈಜಾಮದ ಹೊಲಿಗೆಯನ್ನೆಲ್ಲ ಹೊರಮೈಗೆ ತಿರುಗಿಸಿ ಹೊಲಿದೆ, ಲೇಬಲ್ ಬಿಚ್ಚಿದೆ, ಕಾಲಿನ ಸುತ್ತಳತೆ ದುಪ್ಪಟ್ಟು ಮಾಡಿದೆ. ಹೊಸ ಬಟ್ಟೆ ಬೇಡವೇ ಬೇಡ, ಒಗೆದೊಗೆದು ಸವೆದ ಹತ್ತಿ ಬಟ್ಟೆಯೇ ಬೇಕು. ಹೊಸ ಹತ್ತಿಯಲ್ಲಿ ಗಂಜಿ ಇರುತ್ತೆ, ಮುಟ್ಟಿದರೆ ನಿಮಗೆ ಗೊತ್ತಾಗಲ್ಲ, ಅವಳ ಕಾಲಿಗೆ ಗೊತ್ತಾಗುತ್ತೆ.

ಈಗ ಇರೋ ಔಷಧಿ ಹೇಳ್ತೀನಿ. ನರಕ್ಕೆ ರಾತ್ರಿ ಪ್ರಿಗಾಬಲಿನ್, ಹೋದ ಸಲ ಪ್ರಮಾಣ ಜಾಸ್ತಿ ಮಾಡಿದರು, ಆಮೇಲೆ ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದುತ್ತೆ. ಚರ್ಮಕ್ಕೆ ಕ್ಯಾಲ್ಸಿಪೋಟ್ರಿಯಾಲ್ (ವಿಟಮಿನ್ ಡಿ ಥರದ ಔಷಧಿ) ಮತ್ತು ಸ್ಟೀರಾಯ್ಡ್ ಸೇರಿದ ಮುಲಾಮು. ಹೊಟ್ಟು ಸಡಿಲವಾಗಲಿ ಅಂತ ಅದಕ್ಕೂ ಮುಂಚೆ ಸ್ಯಾಲಿಸಿಲಿಕ್ ಆ್ಯಸಿಡ್ ಮುಲಾಮು, ಇದು ಹಿಂದಿನ ಡಾಕ್ಟರ್ ಕೊಟ್ಟದ್ದು, ಮುಂದುವರಿಸಿದೀವಿ. ಬೆಳಗ್ಗೆ ಎದ್ದ ತಕ್ಷಣ ಹಿಮ್ಮಡಿ ಊರೋಕಾಗಲ್ಲ, ಓಡಾಡ್ತಾ ಓಡಾಡ್ತಾ ಮುಕ್ಕಾಲು ಗಂಟೆಗೆ ಸಡಿಲವಾಗುತ್ತೆ. ಅದೂ ನರದ್ದೇ ಅಂದುಕೊಂಡಿದೀವಿ. ಮುಲಾಮಿಗೂ ಸೋರಿಯಾಸಿಸ್ ಬಗ್ಗದಿದ್ದರೆ ರೋಗನಿರೋಧಕ ವ್ಯವಸ್ಥೆಯನ್ನ ತಗ್ಗಿಸೋ ಅಡಾಲಿಮುಮಾಬ್ ಇಂಜೆಕ್ಷನ್ ಅಂತಿದಾರೆ.

ಇನ್ನೊಂದು ಮಾತು. ಈಗ ಅವಳು ಬೇರೆ ಕೋಣೆಯಲ್ಲಿ ಮಲಗ್ತಾಳೆ. ನಾನು ಹೊರಳಿದರೆ ಹಾಸಿಗೆ ಅಲ್ಲಾಡುತ್ತೆ, ಅದಕ್ಕೆ. ಅದು ಸರಿಯೇ. ಆದರೆ ಬಾಗಿಲ ಹತ್ತಿರ ನಿಂತು "ಹೇಗಿದೆ?" ಅಂದರೂ ಸಿಡುಕ್ತಾಳೆ, ಕೇಳದಿದ್ದರೆ "ನಿಮಗೆ ಬೇಸರ ಬಂದಿದೆ" ಅಂತಾಳೆ. ಬೇಸರ ಬಂದಿಲ್ಲ ಅಂದರೆ ಸುಳ್ಳು. ಅನುಭವ ಇರೋರು ಹೇಳಿ.

ಒಳಬಾಗಿಲು:

ಅಣ್ಣಾ, ನಮ್ಮ ಮನೆಯವರಿಗೆ ಸರ್ಪಸುತ್ತು ಬಂದು ಹೋದ ಮೇಲೆ ಪಕ್ಕೆಯಲ್ಲಿ ನೋವು ನಿಂತುಬಿಟ್ಟಿದೆ. ಸೋರಿಯಾಸಿಸ್ ಇಲ್ಲ, ಆದರೆ ಮುಟ್ಟಿದರೆ ಜೀವ ಹೋಗೋ ಕಥೆ ನಮ್ಮಲ್ಲೂ ಇದೆ.

ನಾವು ಕಂಡುಕೊಂಡಿದ್ದು ಹೇಳ್ತೀನಿ. ಸವರಿದರೆ ತಡೆಯಲ್ಲ, ಒತ್ತಿ ಇಟ್ಟರೆ ತಡೆಯುತ್ತೆ. ಬೆರಳ ತುದಿಯಿಂದ ಮೆಲ್ಲಗೆ ನೀವೋದು ನಮಗೆ ಮೃದು ಅನ್ನಿಸುತ್ತೆ, ಅವರಿಗೆ ಅದೇ ಬೆಂಕಿ. ಅದರ ಬದಲು ಅಂಗೈಯನ್ನ ಪೂರ್ತಿ ಚಪ್ಪಟೆಯಾಗಿ ಊರಿ, ಅಲ್ಲಾಡಿಸದೆ ಹಿಡಿದರೆ ಮೊದಲೊಂದು ಉಸಿರು ಬಿಗಿಹಿಡೀತಾರೆ, ಆಮೇಲೆ ಸಡಿಲವಾಗ್ತಾರೆ. ಮುಲಾಮನ್ನ ಮೊದಲು ನಿಮ್ಮ ಅಂಗೈಗೆ ಹಚ್ಚಿಕೊಂಡು, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿ, ಆಮೇಲೆ ಒತ್ತಿ ಇಡಿ. ತಣ್ಣಗಿರೋ ಟ್ಯೂಬಿಂದ ನೇರವಾಗಿ ಹಿಂಡಬೇಡಿ. "ಈಗ ಇಡ್ತೀನಿ" ಅಂತ ಹೇಳಿಯೇ ಇಡಿ. ಇನ್ನೂ ಒಳ್ಳೇದು ಅಂದರೆ ಅವರ ಕೈಯೇ ಕೆಳಗಿರಲಿ, ನಿಮ್ಮದು ಮೇಲೆ. ಯಾವಾಗ ಎತ್ತಬೇಕು ಅನ್ನೋದು ಅವರ ಕೈಯಲ್ಲಿರುತ್ತೆ.

ಹೊದಿಕೆಗೆ ಒಂದು ಉಪಾಯ. ಗಟ್ಟಿ ರಟ್ಟಿನ ಪೆಟ್ಟಿಗೆಯ ಎರಡು ಕಡೆ ಕತ್ತರಿಸಿ ಕಮಾನಿನ ಥರ ಕಾಲಿನ ಮೇಲೆ ನಿಲ್ಲಿಸಿ, ಹೊದಿಕೆ ಅದರ ಮೇಲೆ ಬರಲಿ. ಆಸ್ಪತ್ರೆ ಸಾಮಾನು ಮಾರೋ ಕಡೆ ಇದಕ್ಕೇ ಅಂತ ಕಬ್ಬಿಣದ್ದು ಸಿಗುತ್ತೆ, ಆದರೆ ರಟ್ಟಿನದ್ದೂ ಸಾಕು.

ಬೇರೆ ಕೋಣೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ನಿದ್ದೆ ಕೆಟ್ಟ ಮಾರನೇ ದಿನ ನೋವು ದುಪ್ಪಟ್ಟು. ಒಬ್ಬರಾದರೂ ನಿದ್ದೆ ಮಾಡಿರಬೇಕು.

ನಾಟಿಮದ್ದು:

ಈ ಟ್ಯೂಬು ಮಾತ್ರೆ ಎಲ್ಲ ಒಂದೇ ಸಲಕ್ಕೆ ನಿಲ್ಲಿಸಿ ಸರ್. ರಕ್ತದಲ್ಲಿರೋ ನಂಜು ಹೊರಗೆ ಬರಬೇಕು. ಮೊದಲು ಜಾಸ್ತಿ ಆಗುತ್ತೆ, ಹೆದರಬೇಡಿ, ಅದು ವಾಸಿಯಾಗೋ ಲಕ್ಷಣ.

ವಾರ್ಡ್ ಸಿಸ್ಟರ್:

ಮೇಲಿನವರ ಮಾತು ದಯವಿಟ್ಟು ಕೇಳಬೇಡಿ. ಚರ್ಮದ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿ ನಿವೃತ್ತಳಾದ ನರ್ಸ್ ನಾನು, ಡಾಕ್ಟರ್ ಅಲ್ಲ. ಜೋರಾದ ಸ್ಟೀರಾಯ್ಡನ್ನು ದಿಢೀರನೆ ನಿಲ್ಲಿಸಿ, ಮೈಯೆಲ್ಲ ಕೆಂಪಾಗಿ ಕೀವುಗುಳ್ಳೆ ಎದ್ದು ಸ್ಟ್ರೆಚರ್ ಮೇಲೆ ಬಂದವರನ್ನು ನೋಡಿದ್ದೇನೆ. ಅದು ವಾಸಿಯಾಗುವ ಲಕ್ಷಣ ಅಲ್ಲ. ಪ್ರಿಗಾಬಲಿನ್ ಕೂಡ ಹಾಗೆಯೇ, ಡಾಕ್ಟರ್ ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಸೋರಿಯಾಸಿಸ್ ರಕ್ತದ ನಂಜೂ ಅಲ್ಲ, ಅಂಟುರೋಗವೂ ಅಲ್ಲ. ನಮ್ಮ ರೋಗನಿರೋಧಕ ವ್ಯವಸ್ಥೆಯೇ ಚರ್ಮವನ್ನು ಕೆರಳಿಸಿ, ಸುಮಾರು ಒಂದು ತಿಂಗಳು ಹಿಡಿಯುವ ಚರ್ಮದ ಬೆಳವಣಿಗೆಯನ್ನು ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತದೆ.

ಕತ್ತರಿಕೈ ಅವರೇ, ನಿಮ್ಮ ಔಷಧಿ ಪಟ್ಟಿ ಓದುತ್ತಿದ್ದಂತೆ ಕಣ್ಣಿಗೆ ಬಿದ್ದದ್ದು ಸ್ಯಾಲಿಸಿಲಿಕ್ ಆ್ಯಸಿಡ್. ಅದು ಇರುವ ಜಾಗಕ್ಕೇ ಕ್ಯಾಲ್ಸಿಪೋಟ್ರಿಯಾಲ್ ಹಚ್ಚಿದರೆ ಕ್ಯಾಲ್ಸಿಪೋಟ್ರಿಯಾಲ್ ಕೆಟ್ಟು ನಿಷ್ಕ್ರಿಯವಾಗುತ್ತದೆ. ಇಬ್ಬರು ಡಾಕ್ಟರ್ ಕೊಟ್ಟ ಎರಡು ಟ್ಯೂಬುಗಳಲ್ಲಿ ಒಂದು ಇನ್ನೊಂದನ್ನು ಹಾಳು ಮಾಡುತ್ತಿದೆ, ನೀವು ರೋಗ ಔಷಧಿಗೆ ಬಗ್ಗುತ್ತಿಲ್ಲ ಅಂದುಕೊಂಡಿದ್ದೀರಿ. ಈಗಿನ ಡಾಕ್ಟರಿಗೆ ಎರಡೂ ಟ್ಯೂಬ್ ತೋರಿಸಿ ಕೇಳಿ. ಮತ್ತೆ, ಇಂಥ ಮುಲಾಮನ್ನು ಬಲವಾಗಿ ತಿಕ್ಕುವ ಅಗತ್ಯವೇ ಇಲ್ಲ, ತೆಳುವಾಗಿ ಕೂತರೆ ಸಾಕು. ತೋರುಬೆರಳ ಕೊನೆಯ ಗೆಣ್ಣಿನ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈ ಜಾಗಕ್ಕೆ ಅದು ಸಾಕು. ನಿಮ್ಮ ಪಟ್ಟೆಗೆ ಅದರಲ್ಲೂ ಅರ್ಧ. ಇದೇ ಔಷಧಿ ನೊರೆಯಾಗಿ ಸಿಂಪಡಿಸುವ ರೂಪದಲ್ಲೂ ಬರುತ್ತದೆ, ಆದರೆ ಸಿಂಪಡಿಸುವಾಗ ತಣ್ಣಗೆ ಬೀಳುತ್ತದೆ, ಕೆಲವರ ನರಕ್ಕೆ ಅದೂ ಆಗದು. ಮುಟ್ಟುವುದೇ ಬೇಡ ಎಂದರೆ ಯುವಿಬಿ ಎಂಬ ನೇರಳಾತೀತ ಬೆಳಕಿನ ಚಿಕಿತ್ಸೆ ಇದೆ, 311 ನ್ಯಾನೋಮೀಟರ್ ಅಲೆಯುದ್ದದ್ದು. ವಾರಕ್ಕೆ ಎರಡು ಮೂರು ಸಲ, ಕೆಲವು ನಿಮಿಷ, ಬೆಳಕಿನ ಪೆಟ್ಟಿಗೆಯಲ್ಲಿ ನಿಂತು ಬಂದರಾಯಿತು. ನಿಮ್ಮಂಥವರಿಗೆ ಇದನ್ನು ಯಾಕೆ ಯಾರೂ ಮೊದಲೇ ಹೇಳಲಿಲ್ಲವೋ!

ಹೊಟ್ಟನ್ನು ಕಲ್ಲಿನಿಂದ ಉಜ್ಜುವುದು, ಉಗುರಿನಿಂದ ಎಬ್ಬಿಸುವುದು ಬೇಡ. ಗಾಯವಾದ ಕಡೆ ಹೊಸ ಪಟ್ಟೆ ಏಳುವುದು ಈ ರೋಗದ ಗುಣ. ಕೋಬ್ನರ್ ಎಂಬ ಡಾಕ್ಟರ್ 1872ರಲ್ಲೇ ಇದನ್ನು ಹೇಳಿದ್ದರು, ಅವರ ಹೆಸರಲ್ಲೇ ಕರೆಯುತ್ತಾರೆ.

ಬಕೆಟ್ ಪೂರ್ತಿ ಬಿಡಿಸಲು ಹೋಗಬೇಡಿ, ಜಗಳವಾಗುತ್ತದೆ. ಐಸ್ ಹಾಕಬೇಡಿ, ಹೊತ್ತು ಕಡಿಮೆ ಮಾಡಿ, ಕಾಲು ತೆಗೆದ ಕೂಡಲೇ ಒತ್ತಿ ಒರೆಸಿ, ತೇವ ಆರುವ ಮುಂಚೆ ಔಷಧಿಯಿಲ್ಲದ ಬರೀ ಜಿಡ್ಡಿನ ಮುಲಾಮು ಇಡಿ. ಉರಿಗೆ ಫ್ಯಾನ್ ಗಾಳಿಯೂ ಕೆಲವರಿಗೆ ಆಗುತ್ತದೆ. ಜಿಡ್ಡು ಹೀರಿದ ಬಟ್ಟೆ ಒಗೆದರೂ ಬೇಗ ಬೆಂಕಿ ಹಿಡಿಯುತ್ತದೆ, ಒಲೆ, ದೀಪ, ಬೀಡಿ ಸಿಗರೇಟಿನಿಂದ ದೂರ ಇರಲಿ. ನೀವು ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಕೆಲಸ ಮಾಡುವವರು, ಅದಕ್ಕೇ ಹೇಳಿದೆ.

ಇನ್ನು ಆ ನಾರ್ಮಲ್ ರಿಪೋರ್ಟ್. ಆ ಪರೀಕ್ಷೆ ದಪ್ಪ ನರಗಳನ್ನಷ್ಟೇ ಅಳೆಯುತ್ತದೆ. ಉರಿ, ಬಿಸಿ, ತಣ್ಣಗೆ ಎಂದು ತಿಳಿಸುವ ಸಣ್ಣ ನರದ ಎಳೆಗಳು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಕಾಲಿನ ಚರ್ಮದ ಸಣ್ಣ ಚೂರು ತೆಗೆದು ಎಳೆಗಳನ್ನು ಎಣಿಸುವ ಬಯಾಪ್ಸಿ ಇದೆ. ಎಲ್ಲರಿಗೂ ಬೇಕು ಎಂದಲ್ಲ, ಕೇಳಿ ನೋಡಿ. ನೆಂಟರಿಗೂ ಹೇಳಿ.

ಹಿಮ್ಮಡಿಯ ವಿಷಯ ಮಾತ್ರ ನನಗೆ ನರದ್ದು ಅನ್ನಿಸುತ್ತಿಲ್ಲ. ಬೆಳಗ್ಗೆ ಬಿಗಿತ, ಓಡಾಡಿದರೆ ಸಡಿಲ. ಸೋರಿಯಾಸಿಸ್ ಇರುವ ಎಷ್ಟೋ ಜನರಿಗೆ ಕೀಲಿಗೂ ಸ್ನಾಯು ಎಲುಬಿಗೆ ಅಂಟುವ ಜಾಗಕ್ಕೂ ಉರಿಯೂತ ಬರುತ್ತದೆ, ಹಿಮ್ಮಡಿ ಅದಕ್ಕೆ ಅಚ್ಚುಮೆಚ್ಚಿನ ಜಾಗ. ಉಗುರಿನಲ್ಲಿ ಗುಂಡುಸೂಜಿಯಿಂದ ಚುಚ್ಚಿದಂಥ ಗುಳಿಗಳಿವೆಯಾ, ಯಾವುದಾದರೂ ಬೆರಳು ಬುಡದಿಂದ ತುದಿತನಕ ಊದುತ್ತದೆಯಾ ನೋಡಿ. ಬಿಟ್ಟರೆ ಕೀಲು ಕೆಡುತ್ತದೆ, ಕೀಲಿನ ಡಾಕ್ಟರಿಗೆ ತೋರಿಸಿ. ಪಾದದ ಊತ ಪ್ರಿಗಾಬಲಿನ್‌ನಿಂದಲೂ ಬರಬಹುದು, ಅದನ್ನೂ ನರದ ಡಾಕ್ಟರಿಗೆ ಹೇಳಿ. ಅಡಾಲಿಮುಮಾಬ್ ಶುರು ಮಾಡುವ ಮುಂಚೆ ನರದ ತೊಂದರೆ ಇದೆ ಎಂದು ಬಾಯಿಬಿಟ್ಟು ಹೇಳಲೇಬೇಕು. ಆ ಗುಂಪಿನ ಔಷಧಿಗಳು ಅಪರೂಪಕ್ಕೆ ನರದ ಹೊದಿಕೆಯನ್ನೇ ಕೆಡಿಸುತ್ತವೆ. ಬೇರೆ ದಾರಿಯಲ್ಲಿ ಕೆಲಸ ಮಾಡುವ ಇಂಜೆಕ್ಷನ್ನುಗಳೂ ಇವೆ.

ಆಕಡೆಯವಳು:

ನಾನು ನಿಮ್ಮ ಹೆಂಡತಿಯ ಕಡೆಯವಳು. ಸೋರಿಯಾಸಿಸ್, ನರದ ನೋವು ಎರಡೂ ಇವೆ ನನಗೆ. ಔಷಧಿ ವಿಚಾರ ಸಿಸ್ಟರ್ ಹೇಳಿದಾರೆ, ಆ ಬಾಗಿಲ ಹತ್ತಿರ ನಿಲ್ಲೋ ವಿಚಾರ ನಾನು ಹೇಳ್ತೀನಿ.

"ಹೇಗಿದೆ?" ಅನ್ನೋ ಪ್ರಶ್ನೆಗೆ ನಿಜ ಹೇಳಿದರೆ ನಿಮ್ಮ ಮುಖ ಬಾಡುತ್ತೆ, ಅದನ್ನ ನಾನು ಸಮಾಧಾನ ಮಾಡಬೇಕು. ಸುಳ್ಳು ಹೇಳಿದರೆ ಒಬ್ಬಳೇ ಆಗ್ತೀನಿ. ಅದಕ್ಕೇ ಸಿಡುಕು. ನಮ್ಮ ಮನೇಲಿ ಈಗ ಆ ಪ್ರಶ್ನೆ ಇಲ್ಲ. ಸಂಜೆ ನಾನೇ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳ್ತೀನಿ. ಏಳು ಅಂದರೆ ಅವರು "ಸರಿ" ಅಂತಾರೆ, ಅವತ್ತಿನ ಕೆಲಸ ಅವರದು. ಮರುಕ ಬೇಡ, ಸಲಹೆ ಬೇಡ. ಅಂಕಿಗಳನ್ನ ಕ್ಯಾಲೆಂಡರಿನಲ್ಲೇ ಬರೆದಿಡೋದರಿಂದ ಡಾಕ್ಟರಿಗೆ ತೋರಿಸೋಕೂ ಆಗುತ್ತೆ.

ಇನ್ನೊಂದು, ಯಾರೂ ಹೇಳಲ್ಲ. ಕಾಲು ಮುಟ್ಟಬೇಡಿ ಅಂದ ದಿನದಿಂದ ನನ್ನ ಗಂಡ ನನ್ನನ್ನ ಎಲ್ಲೂ ಮುಟ್ಟಲಿಲ್ಲ. ಹೆದರಿಕೆಯಿಂದ. ನಾನು ಅದನ್ನ ನನ್ನ ಹೊಟ್ಟುಮೈ ಕಂಡು ಹೇಸಿಗೆ ಅಂತ ಅರ್ಥ ಮಾಡ್ಕೊಂಡೆ. ಕಾಲು ಬಿಟ್ಟು ಬೇರೆ ಮೈ ಇಲ್ವಾ ಸ್ವಾಮಿ? ಕೈ ಹಿಡೀರಿ. ತಲೆಗೆ ಔಷಧಿ ಹಚ್ಚೋವಾಗ ಬೈತಲೆ ತೆಗೆದು ತೆಗೆದು ನಿಧಾನವಾಗಿ ಹಚ್ಚಿ. ಅಲ್ಲಿ ನರ ಉರಿಯಲ್ಲ, ಅವರಿಗೆ ಕೈ ತಲುಪೋದೂ ಇಲ್ಲ. ಮತ್ತೆ ಯಾರಾದರೂ ಬಂದಾಗ ನಿಮ್ಮ ಹೆಂಡತಿಯ ಕುರ್ಚಿ ಕೆಳಗೆ ಉದುರಿದ ಹೊಟ್ಟು ಗುಡಿಸೋಕೆ ಹೋಗಬೇಡಿ.

ಬೇಸರ ಬಂದಿದೆ ಅಂತ ನೇರವಾಗಿ ಹೇಳಿ. "ಕಾಯಿಲೆ ಮೇಲೆ ಬೇಸರ, ನಿನ್ನ ಮೇಲಲ್ಲ" ಅಂದರೆ ನಂಬ್ತಾರೆ. ಬೇಸರವೇ ಇಲ್ಲ ಅಂದರೆ ನಂಬಲ್ಲ. ಅವರಿಗೇನಾದರೂ ಬದುಕೇ ಬೇಡ ಅನ್ನೋ ಮಾತು ಬಾಯಲ್ಲಿ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ನನಗೆ ಒಂದು ಕಾಲದಲ್ಲಿ ಬಂದಿತ್ತು.

ಕತ್ತರಿಕೈ:

ಎಲ್ಲರಿಗೂ ಉತ್ತರ ಕೊಡೋಕೆ ತಡವಾಯ್ತು. ಅಂಗೈ ಒತ್ತಿ ಇಡೋದು ಆಗ್ತಿದೆ. ಪಾದಕ್ಕೆ ಆಗಲಿಲ್ಲ, ಪಟ್ಟೆ ಇರೋ ಜಾಗಕ್ಕೆ ಆಗುತ್ತೆ, ಅವಳ ಕೈ ಕೆಳಗೆ ನನ್ನದು ಮೇಲೆ. ಟ್ಯೂಬುಗಳ ವಿಷಯ ಕೇಳಿದ್ದಕ್ಕೆ ಡಾಕ್ಟರ್ ಸ್ಯಾಲಿಸಿಲಿಕ್ ನಿಲ್ಲಿಸಿದರು. ಉಗುರಲ್ಲಿ ಗುಳಿ ಇದೆ ಸಿಸ್ಟರ್, ಎರಡು ಬೆರಳಲ್ಲಿ. ಇಷ್ಟು ದಿನ ಸೂಜಿ ಕೆಲಸದಿಂದ ಅಂತಿದ್ದಳು, ಅವಳೂ ಕಾಜಾ ಹಾಕ್ತಾಳೆ ನನ್ನ ಜೊತೆ. ಕೀಲಿನ ಡಾಕ್ಟರ್ ಹತ್ತಿರ ಹೋಗೋವಾಗ ಏನೇನು ತಗೊಂಡು ಹೋಗಲಿ? ಅಂಕಿ ಹೇಳೋ ವಿಚಾರ ಅವಳಿಗೆ ಓದಿ ಹೇಳಿದೆ. "ನಿಮ್ಮದೂ ಒಂದು ಅಂಕಿ ಹೇಳಿ ಹಾಗಾದ್ರೆ" ಅಂದಳು.

ವಾರ್ಡ್ ಸಿಸ್ಟರ್:

ಎಲ್ಲ ಔಷಧಿಯ ಡಬ್ಬಿ, ಟ್ಯೂಬ್ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ನಿಲ್ಲಿಸಿದ್ದನ್ನೂ ಸೇರಿಸಿ. ಹಿಮ್ಮಡಿ ಊದಿದ್ದರೆ ಬೆಳಗ್ಗೆಯೇ ಫೋಟೋ ತೆಗೆದಿಟ್ಟುಕೊಳ್ಳಿ, ಅಲ್ಲಿಗೆ ಹೋಗುವಷ್ಟರಲ್ಲಿ ಇಳಿದಿರುತ್ತದೆ. ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ಬರೆದುಕೊಳ್ಳಿ, ಅವರು ಮೊದಲು ಕೇಳುವುದೇ ಅದನ್ನು. ಉಗುರಿಗೆ ಬಣ್ಣ ಹಚ್ಚಿದ್ದರೆ ತೆಗೆದು ಹೋಗಲಿ.